ಶಾಲೆಯ ಅಂಗಳದಲ್ಲಿ ಬಟ್ಟೆ ಚಾವಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ತಿಂಗಳ ಮಳೆಯಲ್ಲಿ, ಬಿಸಿಯೂಟದ ಹೊತ್ತಿಗೆ ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಒಂದೇ ದೃಶ್ಯ ಕಾಣುತ್ತದೆ. ಮಕ್ಕಳು ಜಗಲಿಯಲ್ಲಿ ಒತ್ತೊತ್ತಾಗಿ ಕುಳಿತಿರುತ್ತಾರೆ, ಎರಚಲು ತಟ್ಟೆಗೇ ಬಡಿಯುತ್ತಿರುತ್ತದೆ. ಜಗಲಿಯಲ್ಲಿ ಜಾಗ ಸಿಗದವರು ಪುಸ್ತಕ ಸರಿಸಿ ತರಗತಿಯಲ್ಲೇ ಉಣ್ಣುತ್ತಾರೆ. ಪ್ರಾರ್ಥನೆಗೆ, ಆಟಕ್ಕೆ, ಪೋಷಕರ ಸಭೆಗೆ, ಪ್ರತಿಭಾ ಕಾರಂಜಿಗೆ ಚಾವಣಿ ಇರುವ ದೊಡ್ಡ ಜಾಗ ಇರುವುದಿಲ್ಲ. ಕಡಿಮೆ ಖರ್ಚಿನಲ್ಲಿ, ಬೇಗ ಇಂಥ ಜಾಗ ಮಾಡಿಕೊಳ್ಳಲು ಇರುವ ದಾರಿಗಳಲ್ಲಿ ಬಟ್ಟೆ ಚಾವಣಿಯೂ ಒಂದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಮುಖ್ಯ ಶಿಕ್ಷಕರು, ಊರಿನ ಶಾಲೆಗೆ ಏನಾದರೂ ಮಾಡಬೇಕೆಂದು ಹಣ ಹಿಡಿದು ಬರುವ ಹಳೆಯ ವಿದ್ಯಾರ್ಥಿಗಳು ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಸೇರುವ ಜಾಗಕ್ಕೆ ಬಟ್ಟೆ ಚಾವಣಿ ಒಳ್ಳೆಯದು. ತರಗತಿ ಕೊಠಡಿಗೆ ಅದು ಬದಲಿ ಅಲ್ಲ.

ಬಟ್ಟೆ ಕಟ್ಟಡ ಎಂದರೆ ಶಾಮಿಯಾನವೇ?

ಅಲ್ಲ. ಶಾಮಿಯಾನದ ಬಟ್ಟೆ ಬರೀ ಮರೆ. ಮದುವೆ ಮುಗಿದ ಮೇಲೆ ಹಗ್ಗ ಬಿಚ್ಚಿ ಮಡಿಸಿಡುತ್ತಾರೆ. ಇಲ್ಲಿ ಬಟ್ಟೆಯೇ ಕಟ್ಟಡದ ಒಂದು ಅಂಗ. ಉಕ್ಕಿನ ಚೌಕಟ್ಟಿಗೋ, ಕಂಬ ಮತ್ತು ಉಕ್ಕಿನ ಹಗ್ಗಗಳಿಗೋ ಅದನ್ನು ಚಂಡೆಯ ಚರ್ಮದಂತೆ ಬಿಗಿದು ಕೂರಿಸುತ್ತಾರೆ. ಆ ಬಿಗಿತ ಇರುವವರೆಗೆ ಅದು ಗಾಳಿಯನ್ನೂ ಮಳೆಯನ್ನೂ ತಾಳುತ್ತದೆ. ಸಡಿಲವಾದರೆ ಬಡಿದುಕೊಳ್ಳಲು ಶುರುವಾಗುತ್ತದೆ, ಬಡಿದುಕೊಳ್ಳುವ ಬಟ್ಟೆ ಹೊಲಿಗೆಯ ಸಾಲಿನಲ್ಲಿ, ಮೂಲೆಗಳಲ್ಲಿ ಹರಿಯುತ್ತದೆ.

ನಮ್ಮಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಒಂದು, ಉಕ್ಕಿನ ಕಮಾನುಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಬಟ್ಟೆ ಹೊದಿಸಿದ ಉದ್ದನೆಯ ಹಜಾರ. ಇದಕ್ಕೆ ಬೇಕಾದರೆ ಪಕ್ಕದ ಗೋಡೆಯನ್ನೂ ಕಟ್ಟಬಹುದು. ಇನ್ನೊಂದು, ಶಂಕುವಿನಂತೆ ಎದ್ದು ನಿಂತ ಅಥವಾ ಒಂದು ದಿಕ್ಕಿನಲ್ಲಿ ಮೇಲಕ್ಕೂ ಇನ್ನೊಂದು ದಿಕ್ಕಿನಲ್ಲಿ ಕೆಳಕ್ಕೂ ಬಾಗಿದ ತೆರೆದ ಚಾವಣಿ. ಮಾರುವವರು ಎರಡನ್ನೂ ಟೆನ್ಸೈಲ್ ಎಂದೇ ಕರೆಯುತ್ತಾರೆ.

ಯಾವ ಬಟ್ಟೆ? ಫ್ಲೆಕ್ಸ್, ತಾಡಪಾಲು ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ತಾಡಪಾಲು ಒಂದೆರಡು ಮಳೆಗಾಲ ಕಂಡರೆ ಹೆಚ್ಚು. ಫ್ಲೆಕ್ಸ್ ಫಲಕಕ್ಕಾಗಿ ಮಾಡಿದ್ದು, ಚಾವಣಿಗಲ್ಲ. ತೋಟಗಾರಿಕೆಯವರು ಬಳಸುವ ಹಸಿರು ನೆರಳು ಬಲೆ ಬಿಸಿಲನ್ನು ತಡೆಯುತ್ತದೆ, ಮಳೆಯನ್ನು ಸೋಸಿ ಕೆಳಗೆ ಬಿಡುತ್ತದೆ. ಆಟದ ಮೈದಾನದ ಅಂಚಿಗೆ ಅದು ಸರಿ, ಊಟದ ಹಜಾರಕ್ಕೆ ಬೇಡ.

ಶಾಲೆಗಳಿಗೆ ಸಾಮಾನ್ಯವಾಗಿ ಹೊಂದುವುದು ಪಿವಿಸಿ ಲೇಪಿಸಿದ ಪಾಲಿಯೆಸ್ಟರ್. ಬಲ ಕೊಡುವುದು ಒಳಗಿನ ಪಾಲಿಯೆಸ್ಟರ್ ನೇಯ್ಗೆ, ನೀರನ್ನೂ ಬಿಸಿಲನ್ನೂ ತಡೆಯುವುದು ಹೊರಗಿನ ಲೇಪ. ಚದರ ಮೀಟರಿಗೆ ಸುಮಾರು 700ರಿಂದ 1,100 ಗ್ರಾಂ ತೂಗುತ್ತದೆ. ಮೇಲ್ಮೈಯಲ್ಲಿ ಪಿವಿಡಿಎಫ್ ಎಂಬ ಇನ್ನೊಂದು ತೆಳು ಲೇಪ ಇದ್ದರೆ ಕೊಳೆ ಅಷ್ಟಾಗಿ ಅಂಟುವುದಿಲ್ಲ, ಬಿಸಿಲಿಗೆ ಬೇಗ ಬಿರುಕು ಬಿಡುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷದ ಆಸುಪಾಸು ಬಾಳುತ್ತದೆ. ಟೆಫ್ಲಾನ್ ಲೇಪಿಸಿದ ಗಾಜಿನ ನಾರಿನ ಬಟ್ಟೆ ಇನ್ನೂ ಹೆಚ್ಚು ಕಾಲ ಬಾಳುತ್ತದೆ, ಆದರೆ ಅದರ ಬೆಲೆ ಹಳ್ಳಿ ಶಾಲೆಯ ಕೈಗೆಟುಕುವುದಿಲ್ಲ.

ಶಾಲೆಗಳಲ್ಲಿ ಇದನ್ನು ಎಲ್ಲಾದರೂ ಮಾಡಿ ನೋಡಿದ್ದಾರೆಯೇ?

ಐವತ್ತು ವರ್ಷಗಳಿಂದ ಮಾಡುತ್ತಿದ್ದಾರೆ. ಟೆಫ್ಲಾನ್ ಲೇಪಿತ ಗಾಜಿನ ನಾರಿನ ಬಟ್ಟೆಯನ್ನು ಶಾಶ್ವತ ಕಟ್ಟಡಕ್ಕೆ ಮೊದಲು ಬಳಸಿದ್ದೇ ಒಂದು ವಿದ್ಯಾಸಂಸ್ಥೆಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಲಾ ವರ್ನ್ ಕಾಲೇಜಿನಲ್ಲಿ, 1973ರಲ್ಲಿ. ವಿದ್ಯಾರ್ಥಿಗಳ ಕ್ರೀಡಾಂಗಣ ಮತ್ತು ರಂಗಮಂದಿರಕ್ಕೆ ಹೊದಿಸಿದ ಆ ಚಾವಣಿ ದಶಕಗಳ ಕಾಲ ಸೇವೆ ಕೊಟ್ಟಿತು. ಹಣ ಮತ್ತು ಸಮಯ ಎರಡನ್ನೂ ಉಳಿಸಬೇಕೆಂದೇ ಕಾಲೇಜು ಆ ದಾರಿ ಹಿಡಿದಿತ್ತು. ಮಾರಾಟಗಾರರು ಇಂಥ ಚಿತ್ರಗಳನ್ನು ತೋರಿಸಿದಾಗ ಒಂದು ವಿಷಯ ನೆನಪಿರಲಿ: ಅದು ಗಾಜಿನ ನಾರು, ನಿಮಗೆ ಕೊಡುತ್ತಿರುವುದು ಪಾಲಿಯೆಸ್ಟರ್.

ವಿಪತ್ತಿನ ಸಮಯದ ಡೇರೆ ಶಾಲೆಗಳು ಬೇರೆ ಜಾತಿ. 2001ರ ಗುಜರಾತ್ ಭೂಕಂಪದ ನಂತರ ಸಾವಿರಾರು ಮಕ್ಕಳು ಡೇರೆಗಳಲ್ಲಿ ಕಲಿತರು. ಯುನಿಸೆಫ್ ಇದಕ್ಕೆಂದೇ 72 ಚದರ ಮೀಟರಿನ ಡೇರೆಗಳನ್ನು ಇಟ್ಟುಕೊಂಡಿರುತ್ತದೆ. ಅವು ತಿಂಗಳುಗಳ ಲೆಕ್ಕದ ವ್ಯವಸ್ಥೆ, ವರ್ಷಗಳ ಲೆಕ್ಕದ್ದಲ್ಲ.

ನಮ್ಮವರಿಗೂ ಡೇರೆ ಹೊಸದಲ್ಲ. ಟೂರಿಂಗ್ ಟಾಕೀಸ್ ಇತ್ತು, ಕರಾವಳಿಯಲ್ಲಿ ಯಕ್ಷಗಾನದ ಡೇರೆ ಮೇಳಗಳಿದ್ದವು. ಆದರೆ ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಮೇ ಕೊನೆಯಲ್ಲಿ, ತುಳುನಾಡಿನವರು ಪತ್ತನಾಜೆ ಎನ್ನುವ ದಿನಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ಡೇರೆ ಹಾಕುವ ಸಾಹಸಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಗಾಳಿ ಎದ್ದರೆ ಹಗ್ಗ ಸಡಿಲಿಸಿ ಇಳಿಸಲು ಜೊತೆಯಲ್ಲೇ ಜನ ಇರುತ್ತಿದ್ದರು. ಶಾಲೆಯ ಕಥೆ ತದ್ವಿರುದ್ಧ. ಮಳೆ ಶುರುವಾಗುವಾಗಲೇ ಶಾಲೆಯೂ ಶುರುವಾಗುತ್ತದೆ, ರಾತ್ರಿ ಗಾಳಿ ಎದ್ದರೆ ಅಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಡೇರೆಯ ಅನುಭವ ಇರುವವರೊಬ್ಬರು ಊರಿನಲ್ಲಿದ್ದಾರೆ ಎಂಬ ಧೈರ್ಯದ ಮೇಲೆ ಶಾಲೆಯ ಚಾವಣಿ ಕಟ್ಟಬಾರದು.

ಯಾವ ಕೆಲಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ?

ಊಟಕ್ಕೆ. ನನ್ನ ಪಟ್ಟಿಯಲ್ಲಿ ಅದು ಮೊದಲು. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಶುರುವಾದ ಮೇಲೆ ಅಡುಗೆ ಕೋಣೆಗಳು ಬಂದವು, ಕುಳಿತು ಉಣ್ಣುವ ಜಾಗ ಅದೇ ಪ್ರಮಾಣದಲ್ಲಿ ಬರಲಿಲ್ಲ. ನೆಲ ಎತ್ತರಿಸಿ, ಕಲ್ಲು ಹಾಸಿ, ಮೇಲೆ ಬಟ್ಟೆ ಚಾವಣಿ ಮಾಡಿ, ಪಕ್ಕದಲ್ಲಿ ಕೈತೊಳೆಯುವ ನಲ್ಲಿಗಳ ಸಾಲು ಇಟ್ಟರೆ ಅದೇ ಜಾಗ ಬೆಳಿಗ್ಗೆ ಪ್ರಾರ್ಥನೆಗೆ, ಮಧ್ಯಾಹ್ನ ಊಟಕ್ಕೆ, ಸಂಜೆ ಆಟಕ್ಕೆ ಬರುತ್ತದೆ. ನಲಿ ಕಲಿಯ ಮಕ್ಕಳು ಗುಂಪಾಗಿ ಕುಳಿತು ಮಾಡುವ ಚಟುವಟಿಕೆಗಳಿಗೆ, ವಿಜ್ಞಾನ ಮೇಳಕ್ಕೆ, ಯೋಗಕ್ಕೆ, ನಾಟಕಕ್ಕೆ, ಗ್ರಾಮಸಭೆಗೂ ಸರಿ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ಮರದಡಿ, ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡಿದರು. ಗಾಳಿಯಾಡುವ, ನೆರಳಿರುವ ದೊಡ್ಡ ಜಾಗ ಇಲ್ಲದಿರುವುದು ಎಷ್ಟು ದೊಡ್ಡ ಕೊರತೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಗ್ರಂಥಾಲಯ, ಕಂಪ್ಯೂಟರ್ ಕೋಣೆ, ಪ್ರಯೋಗಾಲಯ, ದಾಖಲೆ ಇಡುವ ಜಾಗ ಇವುಗಳಿಗೆ ಬೇಡ. ತೇವ, ಧೂಳು, ಕಳವು ಮೂರೂ ಕಾಡುತ್ತವೆ.

ನಮ್ಮಲ್ಲಿ ಕೊಠಡಿಗಳೇ ಇಲ್ಲ. ಬಟ್ಟೆ ಕಟ್ಟಡದಲ್ಲೇ ತರಗತಿ ನಡೆಸಬಾರದೇ?

ಕಷ್ಟ ಅರ್ಥವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದಾಗ ಉತ್ತರ ಕರ್ನಾಟಕದಲ್ಲಿ ಅಸಂಖ್ಯ ಶಾಲಾ ಕೊಠಡಿಗಳು ಹಾಳಾದವು. ಅಂಥ ಹೊತ್ತಿನಲ್ಲಿ ಮಕ್ಕಳ ಕಲಿಕೆ ನಿಲ್ಲದಿರಲು ಡೇರೆಯೋ ತಗಡಿನ ಶೆಡ್ಡೋ ಏನಾದರೂ ಬೇಕೇ ಬೇಕು.

ಆದರೆ ಅದು ಖಾಯಂ ಆಗಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಎಲ್ಲ ಋತುಮಾನಗಳಿಗೂ ತಾಳುವ ಕಟ್ಟಡ ಇರಬೇಕು, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ ಇರಬೇಕು ಎನ್ನುತ್ತದೆ. ಅದು ದಾನಿಗಳ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಮಗುವಿನ ಹಕ್ಕು. ಶಾಲೆಗಳ ವಾರ್ಷಿಕ ಯುಡೈಸ್ ಮಾಹಿತಿಯಲ್ಲಿ ಬಟ್ಟೆ ಚಾವಣಿಯ ಅಂಗಳವನ್ನು ತರಗತಿ ಕೊಠಡಿ ಎಂದು ತುಂಬಲೇಬೇಡಿ. ಹಾಗೆ ತುಂಬಿದರೆ ನಿಮ್ಮ ಶಾಲೆಯ ಕೊಠಡಿ ಕೊರತೆ ಕಾಗದದ ಮೇಲೆ ಮಾಯವಾಗುತ್ತದೆ, ನಿಜವಾದ ಕೊಠಡಿ ಬರುವುದು ಇನ್ನಷ್ಟು ತಡವಾಗುತ್ತದೆ. ಚಾವಣಿ ಉದ್ಘಾಟನೆಯ ದಿನವೇ ಕೊಠಡಿಯ ಬೇಡಿಕೆಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಇನ್ನೊಮ್ಮೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಗಾಳಿಗೆ ಹಾರಿಹೋದರೆ?

ಇದು ಈ ಪುಟದ ಅತಿ ಮುಖ್ಯ ಪ್ರಶ್ನೆ. ಹೆಚ್ಚಿನವರು ಚಾವಣಿ ಕುಸಿದೀತು ಎಂದು ಹೆದರುತ್ತಾರೆ. ಬಟ್ಟೆ ಚಾವಣಿಯ ಮುಖ್ಯ ಅಪಾಯ ಬೇರೆ: ಗಾಳಿ ಅದನ್ನು ಮೇಲಕ್ಕೆ ಎಳೆಯುತ್ತದೆ.

ಲೆಕ್ಕ ನೋಡಿ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗ ಊರೂರಿನ ಗಾಳಿಯ ವೇಗವನ್ನು ಕೊಡುತ್ತದೆ. ಬೆಂಗಳೂರಿಗೆ ಅದು ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಮಂಗಳೂರಿಗೆ 39 ಮೀಟರ್, ಗಂಟೆಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿನ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 65 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ, ಮಂಗಳೂರಿನದು 90 ಕಿಲೋಗೂ ಮೀರಿ. ವೇಗ ಸ್ವಲ್ಪ ಏರಿದರೂ ಒತ್ತಡ ಅದರ ವರ್ಗದ ಪ್ರಮಾಣದಲ್ಲಿ ಏರುವುದರಿಂದ ಈ ವ್ಯತ್ಯಾಸ.

ಈಗ 10 ಮೀಟರ್ ಅಗಲ, 20 ಮೀಟರ್ ಉದ್ದದ ಊಟದ ಹಜಾರವನ್ನು ತೆಗೆದುಕೊಳ್ಳಿ. ಬಟ್ಟೆಯ ತೂಕ ಎಲ್ಲ ಸೇರಿ 200 ಕಿಲೋ ಆಸುಪಾಸು. ಬೆಂಗಳೂರಿನ ಲೆಕ್ಕದ ಗಾಳಿಯಲ್ಲಿ ಅದನ್ನು ಮೇಲಕ್ಕೆ ಎಳೆಯುವ ಬಲ 13 ಟನ್ನಿನವರೆಗೆ ಹೋಗಬಹುದು. ಚಾವಣಿಯ ಆಕಾರ ಮತ್ತು ಪಕ್ಕಗಳು ಎಷ್ಟು ತೆರೆದಿವೆ ಎಂಬುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಎಂಟು ಕಂಬಗಳಿದ್ದರೆ ಒಂದೊಂದರ ಪಾಲಿಗೆ ಒಂದೂವರೆ ಟನ್ನಿಗಿಂತ ಹೆಚ್ಚು. ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕಿಲೋ ತೂಗುತ್ತದೆ. ಸುರಕ್ಷತೆಯ ಅಂತರವನ್ನೂ ಸೇರಿಸಿದರೆ ಪ್ರತಿ ಕಂಬದ ಬುಡದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಕಾಂಕ್ರೀಟ್ ಗಟ್ಟಿ ಬೇಕಾಗುತ್ತದೆ. ಇದು ಅಂದಾಜು ಮಾತ್ರ. ನಿಮ್ಮ ಜಾಗದ ಲೆಕ್ಕವನ್ನು ರಚನಾ ಎಂಜಿನಿಯರ್ ಮಾಡಬೇಕು. ಒಂದೂವರೆ ಅಡಿ ಗುಂಡಿ ತೋಡಿ ಕಂಬ ನೆಟ್ಟು ಹೋಗಲು ಬಂದವರನ್ನು ಅಲ್ಲೇ ತಡೆದು ನಿಲ್ಲಿಸಲು ಈ ಅಂದಾಜು ಸಾಕು. ಖರ್ಚು ಉಳಿಸುವ ಹೆಸರಿನಲ್ಲಿ ಮೊದಲು ಕತ್ತರಿ ಬೀಳುವುದು ಇಲ್ಲೇ, ಏಕೆಂದರೆ ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಗುಂಡಿಯ ಆಳವನ್ನು ಟೇಪಿನಿಂದ ಅಳೆದು, ಕಾಂಕ್ರೀಟ್ ಹಾಕುವ ಮೊದಲು ಫೋಟೊ ತೆಗೆದಿಡಿ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಬಿರುಗಾಳಿ, ಆಲಿಕಲ್ಲಿನ ಅಡ್ಡಮಳೆ ಹೆಚ್ಚಾಗಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಬೇಸಿಗೆ ರಜೆಯ ಹೊತ್ತಿಗೆ. 2021ರ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಬಡಿದು ಹೋದದ್ದೂ ಮೇ ಮಧ್ಯದಲ್ಲಿ. ಮಕ್ಕಳು ಇರುವುದಿಲ್ಲ ಎಂಬುದು ಒಳ್ಳೆಯದೇ. ಆದರೆ ಒಂದು ಮೂಲೆ ಕಿತ್ತುಕೊಂಡಿದ್ದು ಯಾರ ಕಣ್ಣಿಗೂ ಬೀಳದೆ ಶಾಲೆ ತೆರೆಯುವ ದಿನದವರೆಗೆ ಉಳಿಯಬಹುದು. ಶಾಲಾ ಪ್ರಾರಂಭೋತ್ಸವಕ್ಕೆ ತೋರಣ ಕಟ್ಟುವ ಮೊದಲು ಎಲ್ಲ ಕಂಬ, ಬೋಲ್ಟು, ಹಗ್ಗಗಳನ್ನು ಪರೀಕ್ಷಿಸಬೇಕು. ಶಾಲೆ ನಡೆಯುವಾಗ ಜೋರು ಗಾಳಿ ಎದ್ದರೆ ಮಕ್ಕಳನ್ನು ಬಟ್ಟೆ ಚಾವಣಿಯಡಿಯಿಂದ ಗಟ್ಟಿ ಕಟ್ಟಡಕ್ಕೆ ಕರೆದೊಯ್ಯಬೇಕು. ಆ ನಿರ್ಧಾರವನ್ನು ಯಾರು ತೆಗೆದುಕೊಳ್ಳಬೇಕು ಎಂಬುದು ಬರೆದಿಟ್ಟ ನಿಯಮವಾಗಿರಲಿ.

ನಮ್ಮದು ಎರೆಮಣ್ಣಿನ ನೆಲ. ತೊಂದರೆಯೇ?

ಹೌದು, ಆದರೆ ಪರಿಹಾರವಿದೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿಯ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರೊಂದಿಗೆ ಮೇಲ್ಮಟ್ಟದ ಅಡಿಪಾಯವೂ ಎದ್ದು ಕುಳಿತು ಮಾಡುತ್ತದೆ, ಬಟ್ಟೆಯ ಬಿಗಿತ ವರ್ಷದಲ್ಲಿ ಎರಡು ಸಲ ತಪ್ಪುತ್ತದೆ. ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಹೋಗುವ ಅಡಿಪಾಯ ಬೇಕು, ಬಿಗಿತ ಸರಿಪಡಿಸುವ ತಿರುಪುಗಳು ಕೈಗೆಟುಕುವಂತಿರಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಹಿಡಿತ ಚೆನ್ನಾಗಿರುತ್ತದೆ, ಅಲ್ಲಿನ ಶತ್ರು ಉಪ್ಪುಗಾಳಿ. ಬರೀ ಬಣ್ಣ ಬಳಿದ ಉಕ್ಕು ಸಾಲದು, ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದೇ ಬೇಕು.

ಬೆಂಕಿಯ ಭಯಕ್ಕೆ ಏನು ಹೇಳುತ್ತೀರಿ?

ಭಯ ಇರಲೇಬೇಕು. 1995ರ ಡಿಸೆಂಬರ್ 23ರಂದು ಹರಿಯಾಣದ ಮಂಡಿ ಡಬ್‌ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಸಿಂಥೆಟಿಕ್ ಬಟ್ಟೆಯ ಪೆಂಡಾಲಿಗೆ ಬೆಂಕಿ ಬಿದ್ದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ಹೆಚ್ಚು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಅಡುಗೆ ಕೋಣೆಯ ಬೆಂಕಿ ಶಾಲೆಯ ಗರಿ ಚಾವಣಿಗೆ ಹತ್ತಿ 94 ಮಕ್ಕಳು ಬಲಿಯಾದರು. ಆ ದುರಂತದ ಹಿನ್ನೆಲೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಸುರಕ್ಷಿತ ಶಾಲೆ ಶಿಕ್ಷಣದ ಹಕ್ಕಿನ ಭಾಗವೇ ಎಂದು ತೀರ್ಪು ಕೊಟ್ಟಿತು. ಈ ಎರಡು ಊರುಗಳ ಹೆಸರು ಗೊತ್ತಿಲ್ಲದೆ ಯಾರೂ ಮಕ್ಕಳ ತಲೆಯ ಮೇಲೆ ಬಟ್ಟೆ ಹೊದಿಸಬಾರದು.

ಎರಡೂ ಕಡೆ ಕೊಂದದ್ದು ಬೆಂಕಿಯಷ್ಟೇ ಅಲ್ಲ, ಹೊರಗೆ ಹೋಗಲಾಗದ ಇಕ್ಕಟ್ಟು ಕೂಡ. ಆದ್ದರಿಂದ ಊಟದ, ಪ್ರಾರ್ಥನೆಯ ಚಾವಣಿಗೆ ನನ್ನ ಮೊದಲ ಸಲಹೆ: ನಾಲ್ಕೂ ಪಕ್ಕ ತೆರೆದಿರಲಿ. ಎರಚಲು ತಡೆಯಲು ಒಂದು ಪಕ್ಕ ಮುಚ್ಚಲೇಬೇಕಾದರೆ ಎದುರು ಪಕ್ಕ ಪೂರ್ತಿ ತೆರೆದಿರಬೇಕು. ಸುತ್ತ ಗೋಡೆ ಇರುವ ಹಜಾರವಾದರೆ ದೂರದೂರದಲ್ಲಿ ಕನಿಷ್ಠ ಎರಡು ಅಗಲ ಬಾಗಿಲುಗಳು ಬೇಕು, ಅವು ಹೊರಕ್ಕೆ ತೆರೆಯಬೇಕು, ಶಾಲೆ ನಡೆಯುವಾಗ ಬೀಗ ಹಾಕಿರಬಾರದು.

ಬಟ್ಟೆಯ ಬಗ್ಗೆ ಹೇಳುವುದಾದರೆ, ಒಳ್ಳೆಯ ಪಿವಿಸಿ ಲೇಪಿತ ಬಟ್ಟೆ ಕಿಡಿ ಬಿದ್ದಲ್ಲಿ ಕರಗಿ ತೂತಾಗುತ್ತದೆ, ಜ್ವಾಲೆ ತೆಗೆದರೆ ತಾನಾಗಿ ಆರುತ್ತದೆ. ಪೆಂಡಾಲಿನ ಸಾದಾ ಸಿಂಥೆಟಿಕ್ ಬಟ್ಟೆ ಹಾಗಲ್ಲ. ಬಟ್ಟೆ ಬೆಂಕಿಯನ್ನು ಹೇಗೆ ತಾಳುತ್ತದೆ ಎಂದು ನೋಡುವ, ಜರ್ಮನಿಯ ಡಿಐಎನ್ 4102ರ ಬಿ1 ಅಥವಾ ಅಮೆರಿಕದ ಎನ್‌ಎಫ್‌ಪಿಎ 701 ಪರೀಕ್ಷೆಯಲ್ಲಿ ಉತ್ತೀರ್ಣವಾದ ಪ್ರಮಾಣಪತ್ರ ಕೇಳಿ, ಅದು ನಿಮಗೆ ಬಂದ ಬಟ್ಟೆಯ ಸುರುಳಿಗೇ ಸೇರಿದ್ದು ಎಂದು ಖಚಿತಪಡಿಸಿಕೊಳ್ಳಿ. ತಾತ್ಕಾಲಿಕ ರಚನೆ ಮತ್ತು ಪೆಂಡಾಲುಗಳ ಬೆಂಕಿ ಸುರಕ್ಷತೆಗೆ ನಮ್ಮದೇ ಐಎಸ್ 8758 ಇದೆ, ಅದನ್ನೂ ಓದಿಸಿ.

ಅಡುಗೆ ಕೋಣೆಗೆ ತಾಗಿ ಬಟ್ಟೆ ಚಾವಣಿ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ, ಬಡಿಸಲು ಅನುಕೂಲ ಎಂದು. ದಯವಿಟ್ಟು ಬೇಡ. ಒಲೆ, ಸಿಲಿಂಡರ್ ಇರುವ ಜಾಗಕ್ಕೂ ಬಟ್ಟೆಗೂ ನಡುವೆ ತೆರೆದ ಅಂಗಳ ಇರಲಿ, ಸಾರಿನ ಪಾತ್ರೆಯನ್ನು ಹತ್ತು ಹೆಜ್ಜೆ ಹೆಚ್ಚು ಹೊತ್ತರೆ ನಷ್ಟವಿಲ್ಲ. ವಿದ್ಯುತ್ ತಂತಿಗಳನ್ನು ಬಟ್ಟೆಗೆ ತಾಗಿಸಬಾರದು. ಉಕ್ಕಿನ ಕಂಬಗಳಿಗೆ ಸಿಡಿಲಿನಿಂದ ರಕ್ಷಣೆಗೆ ಭೂಸಂಪರ್ಕ ಕೊಡಬೇಕು.

ಒಳಗೆ ಸೆಕೆ ಆಗುವುದಿಲ್ಲವೇ?

ತಗಡಿನ ಶೆಡ್ಡಿಗಿಂತ ಕಡಿಮೆ, ಹೆಂಚಿನ ಮನೆಗಿಂತ ಹೆಚ್ಚು. ಬಿಳಿ ಬಟ್ಟೆ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ತೆಳುವಾದ್ದರಿಂದ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಹಾಗೆಯೇ ಬಿಸಿಯನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲ. ರಾಯಚೂರು, ಕಲಬುರಗಿಯಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿಯಾಡದ ಬಟ್ಟೆ ಹಜಾರದಲ್ಲಿ ಮಕ್ಕಳನ್ನು ಕೂರಿಸುವುದು ಕ್ರೌರ್ಯವೇ ಸರಿ. ಚಾವಣಿ ಕನಿಷ್ಠ ನಾಲ್ಕು ಮೀಟರ್ ಎತ್ತರದಲ್ಲಿರಲಿ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ ಇರಲಿ, ಪಕ್ಕಗಳು ತೆರೆದಿರಲಿ. ಬಣ್ಣದ ಆಸೆಗೆ ಕಡು ನೀಲಿ, ಕೆಂಪು ಬಟ್ಟೆ ಆರಿಸಬೇಡಿ. ಪಶ್ಚಿಮಕ್ಕೆ ಹೊಂಗೆ, ಬೇವು ನೆಡಿ, ಕೊಂಬೆ ಬಟ್ಟೆಗೆ ತಾಗದಷ್ಟು ದೂರದಲ್ಲಿ.

ಮಳೆ ಸದ್ದಿನಲ್ಲಿ ಮಾತು ಕೇಳಿಸುತ್ತದೆಯೇ?

ತಗಡಿನ ಕೆಳಗೆ ಪಾಠ ನಿಂತೇ ಹೋಗುತ್ತದೆ. ಬಟ್ಟೆಯ ಕೆಳಗೆ ಸದ್ದು ಮೃದು, ಆದರೆ ಮಲೆನಾಡಿನ ಜಡಿಮಳೆಯಲ್ಲಿ ದನಿ ಏರಿಸಲೇಬೇಕು. ಸದ್ದಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ನೀರು ನಿಲ್ಲುವುದಕ್ಕೆ. ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಕಿಲೋ. ಆ ಭಾರಕ್ಕೆ ಬಟ್ಟೆ ಜೋತು, ಜೋತಲ್ಲಿ ಇನ್ನಷ್ಟು ನೀರು ಸೇರಿ, ಕೊನೆಗೆ ಅಲ್ಲೇ ಹರಿಯುತ್ತದೆ. ಚಪ್ಪಟೆಯಾದ ಬಟ್ಟೆ ಚಾವಣಿಯನ್ನು ಯಾರು ತೋರಿಸಿದರೂ ಒಪ್ಪಬೇಡಿ. ಇಳಿದ ನೀರನ್ನು ಚರಂಡಿಗೆ ಬಿಡದೆ ತೊಟ್ಟಿಗೆ ತಿರುಗಿಸಿದರೆ ಕೈತೋಟಕ್ಕೆ, ಶೌಚಾಲಯಕ್ಕೆ ಆಗುತ್ತದೆ.

ಬೆಳಕು?

ಧಾರಾಳ. ಬಿಳಿ ಬಟ್ಟೆ ಹಗಲು ಬೆಳಕಿನ ಶೇಕಡಾ 5ರಿಂದ 15ರಷ್ಟನ್ನು ಒಳಗೆ ಬಿಡುತ್ತದೆ. ನಡು ಹಗಲಲ್ಲಿ ಓದಲು ಬೇಕಾದ್ದಕ್ಕಿಂತ ಅದು ಎಷ್ಟೋ ಹೆಚ್ಚು. ದೀಪದ ಬಿಲ್ ಬರುವುದಿಲ್ಲ.

ನಿಜವಾಗಿಯೂ ಅಗ್ಗವೇ?

ಶುರುವಿನಲ್ಲಿ ಅಗ್ಗ. ಇಡೀ ಆಯುಷ್ಯದ ಲೆಕ್ಕ ಹಾಕಿದರೆ ಅಷ್ಟೇನೂ ಅಲ್ಲ. ಇದನ್ನು ಮಾರಾಟಗಾರರು ಹೇಳುವುದಿಲ್ಲ, ಆದ್ದರಿಂದ ಒಂದು ಊಹೆಯ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ನಿಮ್ಮ ಕೈಗೆ ಬಂದ ದರಗಳನ್ನು ಇದರಲ್ಲಿ ತುಂಬಿ ನೋಡಿ.

ಒಂದೇ ಅಳತೆಯ ಹಜಾರಕ್ಕೆ ಆರ್‌ಸಿಸಿಯಲ್ಲಿ 30 ಲಕ್ಷ, ಬಟ್ಟೆಯಲ್ಲಿ 15 ಲಕ್ಷ ಎಂದು ದರ ಬಂದಿದೆ ಎಂದುಕೊಳ್ಳೋಣ. ಆರ್‌ಸಿಸಿ 50 ವರ್ಷ ಬಾಳಿದರೆ ವರ್ಷಕ್ಕೆ 60 ಸಾವಿರ ಬಿದ್ದಂತೆ. ಬಟ್ಟೆ ಕಟ್ಟಡದ 15 ಲಕ್ಷದಲ್ಲಿ ಉಕ್ಕು ಮತ್ತು ಅಡಿಪಾಯಕ್ಕೆ 10, ಬಟ್ಟೆಗೆ 5 ಎನ್ನೋಣ. ಉಕ್ಕು 40 ವರ್ಷ ಬಾಳಿದರೆ ವರ್ಷಕ್ಕೆ 25 ಸಾವಿರ. ಬಟ್ಟೆ 15 ವರ್ಷಕ್ಕೊಮ್ಮೆ ಬದಲಾದರೆ ವರ್ಷಕ್ಕೆ ಸುಮಾರು 33 ಸಾವಿರ. ಒಟ್ಟು 58 ಸಾವಿರ, ಅದರ ಮೇಲೆ ನಿರ್ವಹಣೆ. ಎರಡೂ ಹೆಚ್ಚು ಕಡಿಮೆ ಒಂದೇ!

ಹಾಗಾದರೆ ಲಾಭ ಎಲ್ಲಿ? ಮೊದಲನೆಯದಾಗಿ, 15 ಲಕ್ಷ ಈಗ ಸಿಗುತ್ತದೆ, 30 ಲಕ್ಷ ಸಿಗುವುದಿಲ್ಲ ಎಂಬ ಊರುಗಳೇ ಹೆಚ್ಚು. ಕಾಯುತ್ತಾ ಕುಳಿತರೆ ಒಂದನೇ ತರಗತಿಗೆ ಸೇರಿದ ಮಗು ಏಳನೆಯದನ್ನು ಮುಗಿಸಿ ಹೋಗಿರುತ್ತದೆ. ಎರಡನೆಯದಾಗಿ ಸಮಯ: ಭಾಗಗಳು ಕಾರ್ಖಾನೆಯಲ್ಲಿ ಸಿದ್ಧವಾಗುತ್ತವೆ, ಶಾಲೆಯಲ್ಲಿ ನಡೆಯುವುದು ಅಡಿಪಾಯ ಮತ್ತು ಜೋಡಣೆ ಮಾತ್ರ, ಬೇಸಿಗೆ ರಜೆಯಲ್ಲೇ ಮುಗಿಸಬಹುದು. ನಡುವೆ ಕಂಬಗಳಿಲ್ಲದ ಅಗಲ ಜಾಗ ಸಿಗುವುದು ಮೂರನೆಯ ಲಾಭ. ಶಾಲೆ ಬೇರೆ ನಿವೇಶನಕ್ಕೆ ಹೋಗುವುದಾದರೆ ಬಿಚ್ಚಿ ಒಯ್ಯಲೂಬಹುದು, ಅಡಿಪಾಯ ಮಾತ್ರ ಅಲ್ಲೇ ಉಳಿಯುತ್ತದೆ.

ಗಾತ್ರ ಚಿಕ್ಕದಾದಷ್ಟೂ ಚದರ ಅಡಿಯ ದರ ಏರುತ್ತದೆ. ಒಂದು ಕೊಠಡಿಯಷ್ಟು ಜಾಗಕ್ಕೆ ಬಟ್ಟೆ ಚಾವಣಿ ಮಾಡಿಸುವುದು ದಂಡ, ಅದಕ್ಕೆ ಮಂಗಳೂರು ಹೆಂಚೇ ಮೇಲು.

ಹಣ ಎಲ್ಲಿಂದ ತರುವುದು?

2013ರ ಕಂಪನಿ ಕಾಯ್ದೆಯ 135ನೇ ವಿಧಿಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಶಿಕ್ಷಣ ಅದರಲ್ಲಿ ಸೇರಿದೆ. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಗ್ರಾಮ ಪಂಚಾಯಿತಿ, ಹಳೆಯ ವಿದ್ಯಾರ್ಥಿಗಳ ಸಂಘಗಳನ್ನೂ ಕೇಳಬಹುದು. ಯಾರೇ ಕೊಡಲಿ, ಕಟ್ಟುವ ಹಣದ ಜೊತೆಗೆ ಮುಂದೆ ಬಟ್ಟೆ ಬದಲಿಸುವ ಹಣಕ್ಕೂ ಒಂದು ಠೇವಣಿ ಕೇಳಿ. ಮೇಲಿನ ಲೆಕ್ಕದ 5 ಲಕ್ಷವನ್ನು ಹದಿನೈದು ವರ್ಷದ ನಂತರ ಎಸ್‌ಡಿಎಂಸಿ ಎಲ್ಲಿಂದ ತರಬೇಕು? ದಾನಿಯ ಹೆಸರಿನ ಫಲಕದ ಹಿಂದೆ ಹರಿದ ಬಟ್ಟೆ ಜೋತಾಡುವುದು ದಾನಿಗೂ ಗೌರವವಲ್ಲ.

ಅನುಮತಿ ಬೇಕೇ? ತಾತ್ಕಾಲಿಕ ರಚನೆ ತಾನೇ?

ಬೇಕು. ಮಕ್ಕಳು ದಿನವೂ ಸೇರುವ ಜಾಗವನ್ನು ತಾತ್ಕಾಲಿಕ ಎಂದು ಕರೆದು ನಿಯಮದಿಂದ ಜಾರಿಕೊಳ್ಳಬಾರದು. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ನಿರ್ಣಯ, ಬಿಇಒ ಒಪ್ಪಿಗೆ, ಇಲಾಖೆಯ ಎಂಜಿನಿಯರ್ ನೋಡಿದ ನಕ್ಷೆ ಇರಲಿ. ಜಾಗ ಶಾಲೆಯ ಹೆಸರಿನಲ್ಲೇ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಕಂಬ ನೆಟ್ಟ ಮೇಲೆ ತಕರಾರು ಏಳುತ್ತದೆ. ಖಾಸಗಿ ಶಾಲೆಗಳು ಸ್ಥಳೀಯ ಸಂಸ್ಥೆಯ ಪರವಾನಗಿ ಪಡೆಯಬೇಕು, ಮಾನ್ಯತೆ ನವೀಕರಣದ ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ದಾಖಲೆಗಳಲ್ಲಿ ಈ ರಚನೆಯನ್ನೂ ಸೇರಿಸಬೇಕು.

ಕೊಟೇಶನ್‌ನಲ್ಲಿ ಏನನ್ನು ನೋಡಬೇಕು?

ಚದರ ಅಡಿ ಎಂದರೆ ಯಾವ ಚದರ ಅಡಿ ಎಂದು ಮೊದಲು ಕೇಳಿ. ಬಾಗಿದ ಬಟ್ಟೆಯ ಮೇಲ್ಮೈ ನೆರಳು ಬೀಳುವ ನೆಲಕ್ಕಿಂತ ದೊಡ್ಡದು. ಒಬ್ಬರು ಬಟ್ಟೆಯ ಅಳತೆಗೆ, ಇನ್ನೊಬ್ಬರು ನೆಲದ ಅಳತೆಗೆ ದರ ಬರೆದಿದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ. ನಂತರ, ಯಾವ ಗಾಳಿ ವೇಗಕ್ಕೆ ಲೆಕ್ಕ ಹಾಕಿದ್ದಾರೆ ಎಂಬುದು ಬರಹದಲ್ಲಿರಬೇಕು, ಅದಕ್ಕೆ ರಚನಾ ಎಂಜಿನಿಯರ್ ಸಹಿ ಇರಬೇಕು. ಬಟ್ಟೆಯ ತಯಾರಕರು ಯಾರು, ಚದರ ಮೀಟರಿಗೆ ಎಷ್ಟು ಗ್ರಾಂ, ಮೇಲ್ಲೇಪ ಯಾವುದು, ಖಾತರಿ ಎಷ್ಟು ವರ್ಷ, ಆ ಖಾತರಿ ಬಟ್ಟೆಗೆ ಮಾತ್ರವೋ ಜೋಡಣೆಗೂ ಸೇರಿಯೋ? ಅಡಿಪಾಯ, ನೆಲಹಾಸು, ಸಾಗಣೆ, ತೆರಿಗೆ ಸೇರಿವೆಯೇ? ಮೊದಲ ವರ್ಷದ ನಂತರ ಬಂದು ಮರುಬಿಗಿತ ಮಾಡಿಕೊಡುತ್ತಾರೆಯೇ? ಹೊಸ ಬಟ್ಟೆ ಸ್ವಲ್ಪ ಹಿಗ್ಗಿಯೇ ಹಿಗ್ಗುತ್ತದೆ. ಅವರು ಐದು ವರ್ಷದ ಹಿಂದೆ ಕಟ್ಟಿದ ಒಂದು ಚಾವಣಿಯನ್ನು ಹೋಗಿ ನೋಡಿ, ಅಲ್ಲಿನವರನ್ನು ಮಾತನಾಡಿಸಿ.

ಗಾಳಿ ತುಂಬಿ ನಿಲ್ಲಿಸುವ ಗುಮ್ಮಟಗಳು ಸಿಗುತ್ತವಂತಲ್ಲ?

ಸಿಗುತ್ತವೆ. ಫ್ಯಾನ್ ನಿಂತರೆ ಇಳಿಯುತ್ತವೆ. ನಮ್ಮ ವಿದ್ಯುತ್ ಸ್ಥಿತಿಯಲ್ಲಿ ಅದನ್ನು ಯೋಚಿಸಲೂ ಬೇಡಿ.

ನೋಡಿಕೊಳ್ಳುವುದು ಕಷ್ಟವೇ? ಮಂಗಗಳ ಕಾಟವೂ ಇದೆ.

ಕೆಲಸ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ಮಳೆಗಾಲಕ್ಕೆ ಮೊದಲು ಮತ್ತು ನಂತರ ತೊಳೆಯಬೇಕು, ಮೃದು ಬ್ರಷ್ಷು, ಸಾದಾ ಸಾಬೂನು ನೀರು ಸಾಕು. ಬ್ಲೀಚಿಂಗ್ ಪೌಡರ್, ಆಮ್ಲ ಬೇಡ, ಲೇಪ ಹಾಳಾಗುತ್ತದೆ. ಮಲೆನಾಡಿನ ನೆರಳಿನಲ್ಲಿ ಪಾಚಿ ಹಿಡಿಯುತ್ತದೆ, ಅಲ್ಲಿ ಇನ್ನೊಂದು ಸಲ ತೊಳೆಯಿರಿ. ಚಾವಣಿಯ ಮೇಲೆ ಹತ್ತಿ ನಡೆಯಬಾರದು. ಬ್ಯಾನರ್, ಗಣಪತಿ ಹಬ್ಬದ ಸೀರಿಯಲ್ ದೀಪಗಳನ್ನು ಬಟ್ಟೆಗೆ, ಉಕ್ಕಿನ ಹಗ್ಗಗಳಿಗೆ ಕಟ್ಟಬಾರದು. ಚಿಕ್ಕ ಹರುಕನ್ನು ಬಿಸಿಗಾಳಿ ಯಂತ್ರದಿಂದ ತೇಪೆ ಬೆಸೆದು ಸರಿಪಡಿಸುತ್ತಾರೆ, ಅಂಟು ಟೇಪು ಎರಡು ವಾರಕ್ಕೆ ಮಾತ್ರ. ಹರುಕನ್ನು ಹಾಗೇ ಬಿಟ್ಟರೆ ಒಂದೇ ಗಾಳಿಗೆ ಅಡಿಯಿದ್ದದ್ದು ಗಜವಾಗುತ್ತದೆ.

ಮಂಗಗಳು ಬಿಗಿದ ಬಟ್ಟೆಯ ಮೇಲೆ ಜಾರುಬಂಡಿ ಆಡುವುದು ನಿಜ. ಬಟ್ಟೆಗೆ ಹೆಚ್ಚು ಹಾನಿಯಾಗುವುದು ಅಂಚಿನ ಹೊಲಿಗೆಯನ್ನು ಅವು ಕಿತ್ತಾಗ. ಮರದಿಂದ ನೇರ ಹಾರಲಾಗದಷ್ಟು ಅಂತರ ಇಡುವುದು, ಅಂಚನ್ನು ಲೋಹದ ಪಟ್ಟಿಯೊಳಗೆ ಮುಚ್ಚುವುದು ಇವೆರಡೂ ಸಹಾಯ ಮಾಡುತ್ತವೆ. ಅವುಗಳ ಕಾಟ ವಿಪರೀತ ಇರುವ ಊರಿನಲ್ಲಿ ಬಟ್ಟೆಯ ಯೋಜನೆಯನ್ನೇ ಕೈಬಿಡುವುದು ಒಳ್ಳೆಯದು.

ಇನ್ನೆಲ್ಲಿ ಬೇಡ?

ಆಗುಂಬೆಯಂಥ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಡೆ ತೆರೆದ ಚಾವಣಿ ಎರಚಲಿನಿಂದ ನಿರುಪಯೋಗಿಯಾಗುತ್ತದೆ. ಅಲ್ಲಿ ಇಳಿಜಾರು ಹೆಂಚೇ ಸರಿ. ಬೆಟ್ಟದ ನೆತ್ತಿಯ ಶಾಲೆಗೆ ಬೇಡ, ಅಲ್ಲಿ ಗಾಳಿಯ ವೇಗ ಬಯಲಿಗಿಂತ ಹೆಚ್ಚು. ಹೈಟೆನ್ಷನ್ ತಂತಿಯ ಕೆಳಗೆ ಬೇಡವೇ ಬೇಡ. ಇರುವ ಒಂದೇ ಆಟದ ಮೈದಾನವನ್ನು ಪೂರ್ತಿ ನುಂಗುವುದಾದರೂ ಬೇಡ. ಮಕ್ಕಳಿಗೆ ಆಕಾಶದಡಿ ಓಡುವ ಜಾಗವೂ ಬೇಕು.

ಹಳೆಯ ಬಟ್ಟೆಯನ್ನು ಏನು ಮಾಡುವುದು?

ಸುಡಬೇಡಿ. ಪಿವಿಸಿ ಸುಟ್ಟರೆ ವಿಷದ ಹೊಗೆ ಬರುತ್ತದೆ. ಪಾಲಿಯೆಸ್ಟರ್ ಮತ್ತು ಪಿವಿಸಿ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಮರುಬಳಕೆ ಸುಲಭವಲ್ಲ, ಸಾಮಾನ್ಯ ಗುಜರಿಯವರು ಮುಟ್ಟುವುದಿಲ್ಲ. ಕೊಳ್ಳುವಾಗಲೇ ಹಳೆಯದನ್ನು ಹಿಂದಕ್ಕೆ ಪಡೆಯುವ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿ. ಚಾವಣಿಗೆ ಬಾರದಷ್ಟು ಹಳತಾದ ಬಟ್ಟೆಯೂ ಮೇವಿನ ಬಣವೆಗೆ ಹೊದಿಕೆಯಾಗಿ, ಕೃಷಿ ಹೊಂಡದ ಅಡಿಹಾಸಾಗಿ ಇನ್ನೂ ಕೆಲವು ವರ್ಷ ಬರುತ್ತದೆ. ರೈತರಿಗೆ ಕೊಡುವಾಗ ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆದು ಕೊಡಿ, ಅದೂ ಶಾಲೆಯ ಆಸ್ತಿ.